ಕರಿಮಡುವಿಗೆ ಕೊಟ್ಟದ್ದು

ಕುದುರೆ ತಿಂಗಳು, ಬೆಳಕಿನ ಪಕ್ಷ, ಮೂರನೆಯ ದಿನ

ಹೊಸ ಕಟ್ಟು ಬಿಚ್ಚಿದೆ. ಅಂಗೈಯಗಲದ ತೆಳು ಮರದ ಹಾಳೆಗಳು, ಬೇಕಾದಷ್ಟಿವೆ. ಅಕ್ಷರ ಮರೆಯಬೇಡ, ದಿನಾ ಏನಾದರೂ ಗೀಚುತ್ತಿರು ಎಂದು ಅಪ್ಪ ಹೇಳಿ ಕಳಿಸಿದ್ದಾರೆ. ಗೀಚುತ್ತಿದ್ದೇನೆ. ಈ ಬೆಟ್ಟದೂರಿನಲ್ಲಿ ನನ್ನನ್ನು ಬಿಟ್ಟರೆ ಓದಬಲ್ಲ ನರಪಿಳ್ಳೆ ಇಲ್ಲ. ಹಾಗಾಗಿ ಯಾರನ್ನು ಬೇಕಾದರೂ ಬೈದು ಬರೆಯಬಹುದು, ಅದೊಂದು ಸುಖ.

ಮೊದಲು ರೊಟ್ಟಿಯನ್ನು ಬೈಯುತ್ತೇನೆ. ಸೆನೋವರ ಎಂಬ ನನ್ನ ಸಾಕವ್ವ ಜವೆ ಬೀಸುವಾಗ ಅರ್ಧ ಬೀಸುಕಲ್ಲನ್ನೂ ಸೇರಿಸಿಯೇ ಬೀಸುತ್ತಾಳೆ. ನಮ್ಮ ಕಡಲೂರಿನಲ್ಲಿ ಇಂಥ ರೊಟ್ಟಿಯನ್ನು ದೋಣಿಗೆ ಲಂಗರು ಮಾಡುತ್ತಾರೆ. ಆಮೇಲೆ ಹೊಗೆ. ಸಾಕಪ್ಪ ಅಂದೋಕ ಕಮ್ಮಾರ, ಹಗಲೆಲ್ಲ ಕುಲುಮೆಯ ಹೊಗೆ ಕುಡಿದು ಬಂದವನಿಗೆ ಮನೆಯ ಹೊಗೆ ಹೊಗೆಯೇ ಅಲ್ಲ. ಆಮೇಲೆ ಎನಿಕ. ಅವರ ಒಂಬತ್ತು ವರ್ಷದ ಮಗಳು, ನಿದ್ದೆಯಲ್ಲಿ ಕುದುರೆಮರಿಯಷ್ಟು ಒದೆಯುತ್ತಾಳೆ. ದಿನಾ ಸಂಜೆ ಸಾಕಪ್ಪ ಅವಳನ್ನು ಒಲೆಯ ಮುಂದೆ ಕೂರಿಸಿ ಏಳು ತಲೆಮಾರಿನ ಹೆಸರು ಹೇಳಿಸುತ್ತಾನೆ. ಅಂದೋಕ, ಬೆಲ್ಲಿಕ, ಮಟುಗೆನ, ಅಲ್ಲಿಗೆ ನಿಂತಿತು. ಎರಡು ವರ್ಷದಿಂದ ಅಲ್ಲೇ ನಿಲ್ಲುತ್ತಿದೆ. ನಾನು ಹಾಸಿಗೆಯಿಂದಲೇ 'ದೊಕ್ಕ' ಅನ್ನುತ್ತೇನೆ, ಅವಳು 'ಗೊತ್ತು, ನೀನು ಸುಮ್ನಿರು' ಅನ್ನುತ್ತಾಳೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಸಾಕುಮನೆಗೆ ಕಳಿಸಿದರು. ಎಲ್ಲ ಮನೆಯ ಮಕ್ಕಳೂ ಹೋಗುತ್ತಾರೆ, ಹದಿನಾಲ್ಕು ತುಂಬಿದ ಮೇಲೆ ಹಿಂತಿರುಗುತ್ತಾರೆ. ನನಗೀಗ ಹನ್ನೆರಡು. ಇನ್ನು ಇಪ್ಪತ್ತು ತಿಂಗಳು.

ಇವರ ಮಡುವಿನ ವಿಷಯವನ್ನೂ ಬರೆದುಬಿಡುತ್ತೇನೆ. ಊರ ಕೆಳಗಿದೆ, ಕರಿಮಡು ಎಂದು ಹೆಸರು. ಅದರಲ್ಲಿ ಇವರು ಕಾಲು ಕೂಡ ತೊಳೆಯುವುದಿಲ್ಲ, ಮಡುವಿನಮ್ಮನದು ಎನ್ನುತ್ತಾರೆ. ನಾನು ಬಂದ ಮೊದಲ ಬೇಸಗೆಯಲ್ಲಿ ಗೊತ್ತಿಲ್ಲದೆ ಧುಮುಕಿ ಈಜಿದ್ದೆ. ದಡದ ತುಂಬ ಜನ ಬಾಯಿಗೆ ಕೈ ಹಿಡಿದು ನಿಂತಿದ್ದರು. ಮಡುವಿನ ಪೂಜೆಯ ತಂಕೊರಿ ಅಜ್ಜಿ ಬಂದು, 'ಅವಳು ನಮ್ಮೋಳಲ್ಲ ಬಿಡ್ರೋ, ಹೊರಗಿನ ಕೂಸು. ಅಮ್ಮ ಅವಳನ್ನ ಲೆಕ್ಕಕ್ಕಿಡಲ್ಲ' ಅಂದಳು. ಅಂದಿನಿಂದ ನಾನೊಬ್ಬಳೇ ಈಜುತ್ತೇನೆ. ಬೆಳಿಗ್ಗೆ ಮಂಜು ನೀರಿನ ಮೇಲೆ ಕೂತಿರುತ್ತದೆ. ಅದರೊಳಗೆ ತಲೆ ಎತ್ತಿದರೆ ಆಕಾಶ ಯಾವುದು ದಡ ಯಾವುದು ತಿಳಿಯುವುದಿಲ್ಲ. ಇಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಬೆಳಕಿನ ಪಕ್ಷ, ಏಳನೆಯ ದಿನ

ಹೊಳೆ ದಾಟುವ ಹಾಯ್ಗಡದ ಹತ್ತಿರ ರೋಮಿನವರು ಮರದ ಕೋಟೆ ಕಟ್ಟಿ ಒಂದು ವರ್ಷವಾಯಿತು. ಇವತ್ತು ಅವರ ದುಭಾಷಿ ಬಂದಿದ್ದ. ಕುದುರೆಯಿಂದ ಇಳಿಯಲೂ ಇಲ್ಲ. ಹತ್ತು ದಿನದಲ್ಲಿ ಊರಿನ ಕತ್ತಿಗಳನ್ನೆಲ್ಲ ಕೋಟೆಗೆ ತಂದೊಪ್ಪಿಸಬೇಕಂತೆ. ಕುಡುಗೋಲು, ಕೊಡಲಿ ಇಟ್ಟುಕೊಳ್ಳಬಹುದಂತೆ.

ಸಂಜೆ ಎಲ್ಲರೂ ಕುಲುಮೆಯ ಮುಂದೆ ಸೇರಿದರು. ಗಂಡಸರು ಕೂಗಾಡಿದರು. ತಂಕೊರಿ ಅಜ್ಜಿ ಕೂಗು ಮುಗಿಯುವವರೆಗೂ ಎಳ್ಳಷ್ಟೂ ಅಲುಗಾಡದೆ ಕೂತಿದ್ದಳು.

'ಕೈಯಿಂದ ಕೈಗೆ ಕೊಟ್ರೆ ಸೋತ ಹಾಗೆ,' ಅಂದಳು ಆಮೇಲೆ. 'ಮಡುವಿನಮ್ಮನಿಗೆ ಕೊಟ್ರೆ ಕೊಟ್ಟ ಹಾಗೆ. ನಮ್ಮ ಹಿರೀಕರು ಗೆದ್ದಾಗ ಕೊಟ್ಟಿದ್ದಾರೆ. ಸೋಲೋಕೆ ಮುಂಚೆ ನಾವು ಕೊಡೋಣ.'

'ಕೋಟೆಯೋರು ಬಂದು ಕೇಳಿದ್ರೆ?' ಅಂದ ಸಾಕಪ್ಪ.

'ಇಲ್ಲದ್ದನ್ನ ಏನಂತ ಕೇಳ್ತಾರೆ? ಹುಡುಕ್ತಾರೆ, ಸಿಗಲ್ಲ, ಹೋಗ್ತಾರೆ.'

ಎಲ್ಲರಿಗೂ ಅದು ಸರಿ ಕಂಡಿತು. ನನಗೂ ಸರಿ ಕಂಡಿತು. ಒಪ್ಪಿಸಿದ ಹಾಗೂ ಅಲ್ಲ, ಬಚ್ಚಿಟ್ಟ ಹಾಗೂ ಅಲ್ಲ. ಬೆಟ್ಟದವರು ಪೆದ್ದರು ಎಂದು ಬರೆಯುವುದಕ್ಕೆ ಇವತ್ತು ಅವಕಾಶ ಸಿಗಲಿಲ್ಲ.

ಬೆಳಕಿನ ಪಕ್ಷ, ಹನ್ನೆರಡನೆಯ ದಿನ

ಇವತ್ತು ಕೊಟ್ಟರು.

ಮಡುವಿಗೆ ಕೊಡುವ ಕತ್ತಿಯನ್ನು ಮೊದಲು ಬಗ್ಗಿಸಬೇಕು. ಬಗ್ಗಿಸಿದರೆ ಅದರ ಜೀವ ಹೋಗುತ್ತದೆ, ಆಮೇಲೆ ಅದು ಮನುಷ್ಯರದ್ದಲ್ಲ. ನಿನ್ನೆಯೆಲ್ಲ ಸಾಕಪ್ಪ ಕುಲುಮೆಯಲ್ಲಿ ಒಂದೊಂದನ್ನೇ ಕಾಯಿಸಿ ಬಗ್ಗಿಸಿದ. ಮೂವತ್ತನಾಲ್ಕು ಕತ್ತಿಗಳು. ಅದರಲ್ಲಿ ಇಪ್ಪತ್ತೊಂದು ಅವನೇ ಮಾಡಿದ್ದು. ಪ್ರತಿಯೊಂದಕ್ಕೂ ಹೆಸರಿತ್ತು, ಬಗ್ಗಿಸುವ ಮುಂಚೆ ಕತ್ತಿಯ ಒಡೆಯ ಅದರ ಹೆಸರನ್ನು ಅದರ ಕಿವಿಯಲ್ಲಿ ಹೇಳುತ್ತಿದ್ದ. ಕತ್ತಿಗೆ ಕಿವಿ ಎಲ್ಲಿದೆ ಎಂದು ಎನಿಕಳನ್ನು ಕೇಳಿದೆ. ಹಿಡಿಯ ಹತ್ತಿರ, ಅಷ್ಟೂ ಗೊತ್ತಿಲ್ವಾ ಎಂದಳು. ನಾನು ತಿದಿ ಒತ್ತಿದೆ. ಸಾಕಪ್ಪನ ಕೆನ್ನೆಯ ಮೇಲೆ ಬೆವರಿತ್ತೋ ಕಣ್ಣೀರಿತ್ತೋ, ಮಸಿಯಲ್ಲಿ ಎರಡೂ ಒಂದೇ ಥರ ಹರಿಯುತ್ತವೆ.

ಬೆಳಗಾಗುವ ಹೊತ್ತಿಗೆ ಎಲ್ಲರೂ ಮಡುವಿನ ಬಂಡೆಯ ಮೇಲಿದ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎಸೆದವನ ಕೈ ಕಾಣುತ್ತಿತ್ತು, ಕತ್ತಿ ನೀರಿಗೆ ಬೀಳುವುದು ಕಾಣುತ್ತಿರಲಿಲ್ಲ. ಸದ್ದು ಮಾತ್ರ. ಒಂದು ಸದ್ದು ಪೂರ್ತಿ ಅಡಗುವ ತನಕ ಮುಂದಿನವನು ಎಸೆಯುವುದಿಲ್ಲ. ಹೀಗೆ ಮೂವತ್ತನಾಲ್ಕು ಸಲ. ಕೊನೆಕೊನೆಗೆ ನನಗೆ ಸದ್ದು ನೀರಿನಿಂದ ಬರುತ್ತಿದೆಯೋ ನನ್ನ ಹೊಟ್ಟೆಯೊಳಗಿಂದ ಬರುತ್ತಿದೆಯೋ ತಿಳಿಯಲಿಲ್ಲ. ಒಂದು ಬಕಪಕ್ಷಿ ಎದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು. ಮನೆಗೆ ಬಂದು ಗಂಜಿ ಕುಡಿದೆವು.

ಕತ್ತಲ ಪಕ್ಷ, ಎರಡನೆಯ ದಿನ

ಇವತ್ತು ಅಕ್ಷರಗಳು ಸೊಟ್ಟಗೆ ಬರುತ್ತಿವೆ. ಬರಲಿ.

ರೋಮಿನವರು ನಲವತ್ತು ಜನ ಬಂದಿದ್ದರು. ಅವರ ನಾಯಕ ಗಡ್ಡ ಬೋಳಿಸಿಕೊಂಡ ದಣಿದ ಮುಖದ ಮನುಷ್ಯ. ಸೂರಿನ ಹುಲ್ಲಿಗೆಲ್ಲ ಈಟಿ ಚುಚ್ಚಿ ಹುಡುಕಿದರು. ಧಾನ್ಯದ ಗುಂಡಿಗೆ ಇಳಿದರು. ಹಾಸಿಗೆ ಹರಿದರು. ಏನೂ ಸಿಗಲಿಲ್ಲ. ತಂಕೊರಿ ಅಜ್ಜಿ ಹೇಳಿದಂತೆ ಇನ್ನು ಹೊರಟುಹೋಗುತ್ತಾರೆ ಎಂದು ನಾವು ನಿಂತಿದ್ದೆವು.

ದುಭಾಷಿ ಹೇಳಿದ: 'ಈ ಊರಲ್ಲಿ ಮೂವತ್ತು ಕತ್ತಿ ಇವೆ ಅಂತ ನಮಗೆ ಗೊತ್ತು. ಎಣಿಸಿದವರೇ ಹೇಳಿದ್ದಾರೆ. ಜಿಂಕೆ ತಿಂಗಳ ಹುಣ್ಣಿಮೆಯೊಳಗೆ ಮೂವತ್ತೂ ಬರಬೇಕು. ಅಲ್ಲೀತನಕ ಕಮ್ಮಾರ ನಮ್ಮ ಹತ್ತಿರ ಇರ್ತಾನೆ. ಬರಲಿಲ್ಲ ಅಂದ್ರೆ ಅವನನ್ನ ಕಡಲಾಚೆ ಮಾರ್ತೀವಿ. ಒಳ್ಳೇ ಕಮ್ಮಾರನಿಗೆ ಅಲ್ಲಿ ಒಳ್ಳೇ ಬೆಲೆ.'

ಸಾಕಪ್ಪ ಸಾಕವ್ವನ ಕಡೆ ಬಾಗಿ, ನಮಗೆ ಮಾತ್ರ ಕೇಳುವಂತೆ, ಒಂದೇ ಮಾತು ಹೇಳಿದ. 'ಮಡುವಿನ ವಿಷಯ ಬಾಯಿ ಬಿಡಬೇಡ್ರಿ.' ನಮಗೆ ಅರ್ಥವಾಯಿತು. ದೂರದ ಒಂದು ಊರಿನ ಮಡುವನ್ನು ರೋಮಿನವರು ಕಾಲುವೆ ತೋಡಿ ಬರಿದು ಮಾಡಿ, ಇದ್ದದ್ದನ್ನೆಲ್ಲ ಗಾಡಿಗೆ ತುಂಬಿಕೊಂಡು ಹೋದರೆಂದು ಉಪ್ಪಿನ ವ್ಯಾಪಾರಿಗಳು ಹೇಳಿದ್ದರು.

ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ ಕರೆದೊಯ್ದರು. ಎನಿಕ ಬೇಲಿಯವರೆಗೂ ಓಡಿದಳು. ನಾನು ಅವಳನ್ನು ಹಿಡಿದುಕೊಂಡೆ, ಕೈ ಕಚ್ಚಿದಳು.

ಹೊರಡುವ ಮುಂಚೆ ದುಭಾಷಿ ನನಗೊಂದು ಹಾಳೆ ಕೊಟ್ಟ. ಅಪ್ಪನ ಅಕ್ಷರ.

'ಏನು ಬರೆದಿದ್ದಾರೆ ನಿಮ್ಮಪ್ಪ?' ಅಂದಳು ಸಾಕವ್ವ.

'ಜಿಂಕೆ ತಿಂಗಳಲ್ಲಿ ಆಳು ಕಳಿಸ್ತಾರಂತೆ. ಊರಿಗೆ ಬಾ ಅಂತ ಬರೆದಿದ್ದಾರೆ,' ಅಂದೆ.

ಅದರ ಮೇಲಿನ ಸಾಲನ್ನು ಓದಲಿಲ್ಲ. ಮೇಲೆ ಹೀಗಿತ್ತು: 'ಹೆದರಬೇಡ. ರೋಮಿನವರು ಈಗ ನಮ್ಮ ಸ್ನೇಹಿತರು. ಹೋದ ಸುಗ್ಗಿಯ ಊಟಕ್ಕೆ ಬಂದಾಗ ಊಟಕ್ಕೆ ಕೂತವರು ಗೋಡೆಗೆ ತೂಗುಹಾಕಿದ್ದ ಮೂವತ್ತು ಕತ್ತಿ ನೋಡಿದ್ದೆ, ಅಷ್ಟನ್ನೇ ಹೇಳಿದ್ದೇನೆ. ಕೊಟ್ಟುಬಿಟ್ಟರೆ ಯಾರಿಗೂ ತೊಂದರೆ ಇಲ್ಲ.'

ಊರಿಗೆ ಹೋಗುತ್ತೇನೆ. ಇಪ್ಪತ್ತು ತಿಂಗಳು ಕಾಯಬೇಕಾಗಿಲ್ಲ. ಸಂತೋಷವಾಗಬೇಕಿತ್ತು.

ಕತ್ತಲ ಪಕ್ಷ, ನಾಲ್ಕನೆಯ ದಿನ

ಕುಲುಮೆ ತಣ್ಣಗಿದೆ. ಹೊಸ ಕತ್ತಿ ಮಾಡೋಣವೆಂದರೆ ಮಾಡುವವನು ಅವರ ಬೇಲಿಯೊಳಗಿದ್ದಾನೆ.

ಕತ್ತಲ ಪಕ್ಷ, ಐದನೆಯ ದಿನ

ಸುತ್ತಿಗೆಯ ಸದ್ದಿಲ್ಲದೆ ಬೆಳಿಗ್ಗೆ ಆದದ್ದೇ ಗೊತ್ತಾಗುವುದಿಲ್ಲ. ಎನಿಕ ಒದೆಯುವುದನ್ನು ನಿಲ್ಲಿಸಿದ್ದಾಳೆ. ಅಂಗಾತ ಮಲಗಿ ಸೂರು ನೋಡುತ್ತಾಳೆ. ಒದೆಯೇ, ನಾನೇನೂ ಅನ್ನಲ್ಲ ಎಂದೆ. ಒದೆಯಲಿಲ್ಲ. ಸಂಜೆ ಅವಳೇ ಒಲೆಯ ಮುಂದೆ ಕೂತು ಹೆಸರು ಹೇಳಿದಳು, ಮಟುಗೆನನ ಹತ್ತಿರ ನಿಂತು ನನ್ನ ಕಡೆ ನೋಡಿದಳು. 'ದೊಕ್ಕ' ಅಂದೆ. ಏಳೂ ಹೆಸರನ್ನು ಇಬ್ಬರೂ ಸೇರಿ ಮುಗಿಸಿದೆವು.

ಸೆನೋವರ ಅವ್ವನಿಗೆ ಹಾಳೆಯಲ್ಲಿ ಓದದೆ ಬಿಟ್ಟಿದ್ದ ಸಾಲನ್ನು ಓದಿ ಹೇಳಿದೆ. ಅವಳು ನೂಲುತ್ತಲೇ ಇದ್ದಳು.

'ಗೊತ್ತಿತ್ತು ಬಿಡು,' ಅಂದಳು. 'ನಮ್ಮನೇಲಿ ಉಂಡು ಗೋಡೆ ಎಣಿಸಿದೋರು ಇನ್ಯಾರಿದ್ದಾರೆ? ನೀನು ಅದಕ್ಕೆ ಅಳಬೇಡ. ನೀನೇನು ಎಣಿಸಿದ್ದಲ್ಲ.'

ಕತ್ತಲ ಪಕ್ಷ, ಒಂಬತ್ತನೆಯ ದಿನ

ಹೇಳಿದ್ದು ಎನಿಕ. ದೊಡ್ಡವರೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡು ಬಾಯಿ ಬಿಡದೆ ಇದ್ದದ್ದನ್ನು ಅವಳು ಕುರಿ ಅಟ್ಟಿಕೊಂಡು ಬರುವಾಗ ಹೇಳಿಬಿಟ್ಟಳು.

'ಅಕ್ಕ, ನೀನು ಹೊರಗಿನೋಳಲ್ವಾ? ನೀನು ಮುಳುಗಿ ಕತ್ತಿ ತಂದ್ರೆ ಮಡುವಿನಮ್ಮ ಏನೂ ಮಾಡಲ್ಲ ಅಲ್ವಾ?'

ಕುರಿಗಳನ್ನು ಅವಳಿಗೇ ಬಿಟ್ಟು ನೇರ ತಂಕೊರಿ ಅಜ್ಜಿಯ ಗುಡಿಸಲಿಗೆ ಹೋದೆ. ಅಜ್ಜಿ ಈಲು ಮೀನಿನ ಚರ್ಮ ಸುಲಿಯುತ್ತಿದ್ದಳು.

'ಇಷ್ಟು ದಿನ ಬೇಕಾಯ್ತಾ ನಿನಗೆ?' ಅಂದಳು.

'ನೀನೇ ಹೇಳಬಹುದಿತ್ತಲ್ಲ ಅಜ್ಜಿ.'

'ನಾನು ಹೇಳಿದ್ರೆ ಊರು ಹೇಳಿದ ಹಾಗೆ. ಕೊಟ್ಟದ್ದನ್ನ ಊರು ವಾಪಸ್ ಕೇಳೋ ಹಾಗಿಲ್ಲ. ಹೊರಗಿನೋಳು ತಾನಾಗಿ ಇಳಿದ್ರೆ ಅದು ಅವಳಿಗೂ ಅಮ್ಮನಿಗೂ ಬಿಟ್ಟದ್ದು. ಕೂತ್ಕೋ. ಪೂರ್ತಿ ಕೇಳಿ ಆಮೇಲೆ ಕುಣಿ.'

ಕೂತೆ. ಇಳಿಯುವ ಮುಂಚೆ ಬಂಡೆಯ ಮೇಲೆ ನಿಂತು, ಎಲ್ಲರ ಎದುರಿಗೆ, ನನ್ನ ಏಳು ತಲೆಮಾರು ಹೇಳಬೇಕಂತೆ. ನಾನು ಈ ಮಡುವಿನ ಮಗಳಲ್ಲ ಎನ್ನುವುದು ಅದರಿಂದಲೇ ಅಮ್ಮನಿಗೆ ತಿಳಿಯುವುದಂತೆ. ಹೇಳಿ ನೀರಿಗೆ ಇಳಿದ ಮೇಲೆ ಈ ಊರಿನ ಸೂರಿನ ಕೆಳಗೆ ಒಂದು ಇರುಳೂ ಮಲಗುವಂತಿಲ್ಲ, ಎಂದೆಂದಿಗೂ. ಮಲಗಿದರೆ ನಾನು ಊರಿನವಳೇ ಆದ ಹಾಗೆ, ತೆಗೆದದ್ದು ಕದ್ದ ಹಾಗೆ. ಆ ಕಳ್ಳತನಕ್ಕೆ ಇಡೀ ಊರು ಬೆಲೆ ತೆರಬೇಕು.

'ಹೇಗೂ ನಿಮ್ಮಪ್ಪ ಕರೆಸಿಕೊಳ್ತಿದ್ದಾನಲ್ಲ,' ಅಂದಳು ಅಜ್ಜಿ, ಮೀನಿನ ಕಡೆಗೇ ನೋಡುತ್ತ. 'ಹೋಗೋಳೇ ತಾನೆ ನೀನು.'

ಹೌದು, ಹೋಗುವವಳೇ ತಾನೆ ನಾನು.

ಮನೆಯಲ್ಲಿ ಹೇಳಿದಾಗ ಅವ್ವ ಕದಿರನ್ನು ನೆಲಕ್ಕೆ ಕುಕ್ಕಿದಳು. 'ಬೇಡ. ಅವರನ್ನ ಬಿಡಿಸ್ಕೊಳ್ಳೋಕೆ ನಿನ್ನ ಕಳ್ಕೊಳ್ಳೋ ವ್ಯಾಪಾರ ನಾನು ಮಾಡಲ್ಲ.' ಆಮೇಲೆ ಬೆನ್ನು ತಿರುಗಿಸಿ ಕೂತಳು. ಎನಿಕ ಅವಳ ಬೆನ್ನನ್ನೂ ನನ್ನ ಮುಖವನ್ನೂ ನೋಡಿ ನೋಡಿ ಅತ್ತಳು. ಒಂಬತ್ತು ವರ್ಷದ ಹುಡುಗಿ ತನ್ನಪ್ಪನನ್ನು ಕೇಳಿದ್ದಕ್ಕೆ ತಪ್ಪು ಮಾಡಿದವಳಂತೆ ಅಳುವುದನ್ನು ನನಗೆ ನೋಡಲಾಗಲಿಲ್ಲ. ಇಳಿಯುತ್ತೇನೆ ಎಂದು ಅಜ್ಜಿಗೆ ಹೇಳಿ ಬಂದೆ.

ಕತ್ತಲ ಪಕ್ಷ, ಹನ್ನೊಂದನೆಯ ದಿನ

ಬಂಡೆಯ ಮೇಲೆ ನಿಂತಾಗ ಸೂರ್ಯ ಹುಟ್ಟಿದ್ದ, ಆದರೆ ಮಂಜಿನಾಚೆ ಎಲ್ಲೋ ಇದ್ದ. ಎಲ್ಲವೂ ಹಾಲಿನ ಬಣ್ಣ. ದಡದಲ್ಲಿ ಊರಿನವರೆಲ್ಲ ಇದ್ದರು, ಮುಖಗಳು ಅರ್ಧಂಬರ್ಧ ಕಾಣುತ್ತಿದ್ದವು. ಅವ್ವ ಬಂದಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

'ಯಾರ ಮಗಳು ನೀನು?' ಅಂದಳು ತಂಕೊರಿ ಅಜ್ಜಿ.

'ನಾನು ವೆಲೊರಿಗ. ಕಡಲೂರಿನ ಕುನೊವಿಂದರ ಮಗಳು. ಕುನೊವಿಂದರು ಮೊರಿಕನ ಮಗ. ಮೊರಿಕ ತಸ್ಕನ ಮಗ. ತಸ್ಕ...'

ತಸ್ಕ ದೊಕ್ಕನ ಮಗ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹುಡುಕಿದೆ. ದೊಕ್ಕ, ವಿಂದಿಯೊರಿ, ಸೆನ್ನ, ಕಟುವಾರ. ಎನಿಕಳ ಹೆಸರುಗಳೇ ಸಾಲಾಗಿ ಎದ್ದು ನಿಂತವು, ನನ್ನವು ಅವುಗಳ ಹಿಂದೆ ಎಲ್ಲೋ ಇದ್ದವು, ಬರಲೊಲ್ಲವು. ಏಳು ವರ್ಷದವಳಿದ್ದಾಗಿನಿಂದ ಬಾಯಿಪಾಠ ಬರುತ್ತಿದ್ದವು. ಎರಡು ವರ್ಷದಿಂದ ಅವನ್ನು ನಾನೊಮ್ಮೆಯೂ ಹೇಳಿರಲಿಲ್ಲ, ಕೇಳುವವರಿರಲಿಲ್ಲ. ನಾಲ್ಕನೆಯದು ಕೊನೆಗೂ ನೆನಪಾಯಿತು, ಅದ್ನಾಮ. ಏಳನೆಯದು ಗೊತ್ತಿತ್ತು, ಕಡಲು ದಾಟಿ ಬಂದವನು, ಬ್ರಿಗೊಮಾರ. ನಡುವಿನ ಎರಡು ಸಿಗಲೇ ಇಲ್ಲ. ಬಾಯಿಗೆ ಬಂದ ಎರಡು ಹೆಸರನ್ನು ಕಟ್ಟಿ ಹೇಳಿಬಿಟ್ಟೆ.

ಅಜ್ಜಿ ಸುತ್ತಲಿನ ಎಲ್ಲ ಕುಲಗಳ ಎಲ್ಲ ತಲೆಮಾರನ್ನೂ ಬಲ್ಲವಳು. ನನ್ನನ್ನು ಬಹಳ ಹೊತ್ತು ನೋಡಿದಳು. 'ಕೇಳಿದೆವು,' ಅಂದಳು. 'ಇಳಿ.'

ಇಳಿದೆ. ನೀರು ಎಲುಬು ಕೊರೆಯುವಷ್ಟು ತಣ್ಣಗಿತ್ತು. ಕಡಲಿನಲ್ಲಿ ಹೆತ್ತವ್ವನ ಜೊತೆ ಕಪ್ಪೆಚಿಪ್ಪಿಗೆ ಮುಳುಗುತ್ತಿದ್ದಾಗ ಇಂಥ ಭಯವಿರಲಿಲ್ಲ. ಎರಡಾಳುದ್ದ ಕೆಳಗೆ ಬೆಳಕು ಹಸಿರಾಗಿ, ಆಮೇಲೆ ಜೇನಿನ ಬಣ್ಣವಾಗಿ, ಆಮೇಲೆ ಇಲ್ಲವೇ ಇಲ್ಲವೆನ್ನುವಷ್ಟಾಯಿತು. ಅಲ್ಲಿ ಅವು ಕೆಸರಿನ ಮೇಲೆ ಬಾಗಿ ಮಲಗಿದ್ದವು. ಅವುಗಳ ಕೆಳಗೆ ಇನ್ನೂ ಹಳೆಯವು, ಅಜ್ಜಂದಿರ ಅಜ್ಜಂದಿರು ಕೊಟ್ಟವು, ಮುಟ್ಟಿದರೆ ಹೊಗೆಯಂತೆ ಎದ್ದು ಹೋಗುತ್ತಿದ್ದವು. ಒಂದು ಕುದುರೆಯ ಕಡಿವಾಣ. ಒಂದು ದೊಡ್ಡ ಕಡಾಯಿ, ಅದರೊಳಗೆ ಮೀನಿನ ಮರಿಗಳು ಸುತ್ತುತ್ತಿದ್ದವು, ಹೊರಗೆ ಬರುವ ಆತುರವೇ ಇಲ್ಲದೆ. ಯಾವುದೂ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಪಾಚಿ ನನ್ನ ಕೂದಲಿನೊಳಗೆ ಬೆರಳಾಡಿಸಿತು, ತಲೆ ಬಾಚುವಾಗ ಅವ್ವ ಆಡಿಸುವಂತೆ. ಇಲ್ಲೇ ಇದ್ದುಬಿಡೋಣ ಅನಿಸಿತು.

ಮಡುವಿನಮ್ಮನಿಗೆ ಮನಸ್ಸಿನಲ್ಲೇ ಹೇಳಿದೆ. ಎರಡು ಹೆಸರು ಸುಳ್ಳು, ನಿನಗೆ ಗೊತ್ತಾಗಿರುತ್ತದೆ. ನಾನು ಹೊರಗಿನವಳೋ ಒಳಗಿನವಳೋ ನನಗೇ ಈಗ ಸರಿಯಾಗಿ ಗೊತ್ತಿಲ್ಲ. ಇಟ್ಟುಕೊಳ್ಳುವುದಾದರೆ ಮೂವತ್ತು ಮುಗಿದ ಮೇಲೆ ಇಟ್ಟುಕೋ.

ಮೊದಲ ಕತ್ತಿಯನ್ನು ಎತ್ತಿದೆ. ಕೆಸರು ಅದನ್ನು ಸ್ವಲ್ಪ ಹಿಡಿದುಕೊಂಡು, ಆಮೇಲೆ ಬಿಟ್ಟಿತು.

ಇವತ್ತು ಹನ್ನೊಂದು ಮೇಲಕ್ಕೆ ಬಂದವು. ತುಟಿ ನೀಲಿಯಾದಾಗ ಅಜ್ಜಿ ಸಾಕು ಎಂದಳು. ನೀರಿನಿಂದ ಬಂದವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡವಳು ಅವ್ವ. ಬಂದಿದ್ದಳು.

ಕತ್ತಲ ಪಕ್ಷ, ಹನ್ನೆರಡನೆಯ ದಿನ

ಹೊಳೆಯ ದಡದಲ್ಲಿ ದೋಣಿ ಎಳೆದಿಡುವ ಜಾಗದಲ್ಲಿ, ಒಂದು ಮರದ ಕೆಳಗೆ ಹುಲ್ಲು ಹಾಸಿಕೊಂಡು ಮಲಗಿದ್ದೆ. ಕಣ್ಣು ಮುಚ್ಚುವ ಹೊತ್ತಿಗೆ ಅವ್ವ ತನ್ನ ಹಾಸಿಗೆ ಹೊತ್ತುಕೊಂಡು ಬಂದಳು. ಹಿಂದೆ ಎನಿಕ, ಅವಳ ಹಿಂದೆ ಒಂದು ಕುರಿ.

'ಊರಿನ ಸೂರಿನ ಕೆಳಗೆ ನೀನು ಮಲಗಬಾರದು ಅಂತ ತಾನೆ ಅಜ್ಜಿ ಹೇಳಿದ್ದು?' ಅಂದಳು ಅವ್ವ. 'ಮರದ ಕೆಳಗೆ ನಾವು ಮಲಗಬಾರದು ಅಂತ ಹೇಳಿದ್ಲಾ?'

ಎನಿಕ ಮತ್ತೆ ಒದೆಯಲು ಶುರು ಮಾಡಿದ್ದಾಳೆ. ಇವತ್ತು ಹತ್ತು ಕತ್ತಿ.

ಕತ್ತಲ ಪಕ್ಷ, ಹದಿಮೂರನೆಯ ದಿನ

ಒಂಬತ್ತು. ಮೂವತ್ತಾಯಿತು. ಕೊನೆಯದನ್ನು ಎತ್ತಿದ ಮೇಲೆ ಸ್ವಲ್ಪ ಹೊತ್ತು ಕೆಳಗೇ ಇದ್ದೆ, ಮಾತು ಕೊಟ್ಟಿದ್ದೆನಲ್ಲ. ಅವಳು ಇಟ್ಟುಕೊಳ್ಳಲಿಲ್ಲ. ಇನ್ನು ನಾಲ್ಕು ಕತ್ತಿ ಅಲ್ಲಿವೆ, ಅವು ಅವಳ ಪಾಲು.

ಜಿಂಕೆ ತಿಂಗಳು, ಬೆಳಕಿನ ಪಕ್ಷ, ನಾಲ್ಕನೆಯ ದಿನ

ಮೈಗೆ ಜ್ವರ ಬಂದು ಬರೆಯಲಾಗಲಿಲ್ಲ. ಮಲಗಿದಲ್ಲಿಂದಲೇ ಎಲ್ಲವನ್ನೂ ನೋಡುತ್ತಿದ್ದೆ. ಅರ್ಧ ನೋಡಿದ್ದು, ಅರ್ಧ ಕನಸು ಇರಬೇಕು.

ಕತ್ತಿಗಳಿಗೆ ಮಡುವಿನ ವಾಸನೆಯಿತ್ತು. ರೋಮಿನವರ ಮೂಗಿಗೆ ಅದು ಸಿಗಬಾರದು. ಊರಿನ ಹೆಂಗಸರೆಲ್ಲ ಬೂದಿ ಹಾಕಿ ಉಜ್ಜಿದರು, ಹಂದಿಕೊಬ್ಬು ಸವರಿದರು, ಆಮೇಲೆ ಪ್ರತಿ ಮನೆಯ ಒಲೆಯ ಮೇಲೆ, ಸೂರಿನ ಹುಲ್ಲಿನಡಿ, ಒಂದೊಂದನ್ನು ನೇತುಹಾಕಿ ಐದು ದಿನ ಹೊಗೆ ಕೊಟ್ಟರು. ಮನೆಮನೆಯ ಸೂರಿನಿಂದ ನಿಧಾನಕ್ಕೆ ನೀಲಿ ಹೊಗೆ ಏಳುತ್ತಿತ್ತು. ಈಗ ಅವು ಈ ಊರಿನ ರೊಟ್ಟಿಯಂತೆಯೇ ನಾರುತ್ತವೆ. ಯಾರು ಕೇಳಿದರೂ ಸೂರಿನಲ್ಲಿ ಬಚ್ಚಿಟ್ಟಿದ್ದೆವು ಎನ್ನಬಹುದು.

ಬೆಳಕಿನ ಪಕ್ಷ, ಆರನೆಯ ದಿನ

ಎತ್ತಿನ ಗಾಡಿಯಲ್ಲಿ ಕೋಟೆಗೆ ಹೋದೆವು. ಅವ್ವ, ಇಬ್ಬರು ಮುದುಕರು, ನಾನು. ಬೇಡ ಎಂದರೂ ನಾನು ಗಾಡಿ ಹತ್ತಿದೆ. ಹೇಗೂ ಗಾಡಿಗೆ ಸೂರಿಲ್ಲ.

ಕೋಟೆಯ ಬಾಗಿಲಲ್ಲಿ ದುಭಾಷಿ ಎಣಿಸಿದ. ಮೂವತ್ತು. ಬೋಳುಗೆನ್ನೆಯ ನಾಯಕ ಒಂದು ಕತ್ತಿಯನ್ನು ಎತ್ತಿ, ಅದರ ಬಾಗಿದ ಮೈಯನ್ನು ತಿರುಗಿಸಿ ನೋಡಿ ಏನೋ ಅಂದ. ಸೂರೆಲ್ಲ ಚುಚ್ಚಿ ನೋಡಿದಾಗ ಇವು ಎಲ್ಲಿದ್ದವು, ಹೀಗೇಕೆ ಬಾಗಿವೆ ಎಂದು ದುಭಾಷಿ ಕೇಳಿದ.

'ನಿಮ್ಮ ಈಟಿ ಗಿಡ್ಡ, ನಮ್ಮ ಸೂರು ದಪ್ಪ,' ಅಂದಳು ಅವ್ವ. 'ಬಗ್ಗಿಸಿದ್ದು ನಾವೇ. ನಿಮಗೆ ಕೊಟ್ಟ ಕತ್ತಿ ನಾಳೆ ನಮ್ಮ ಕುತ್ತಿಗೆಗೇ ಬರಬಾರದಲ್ಲ?'

ದುಭಾಷಿ ಅದನ್ನು ಹೇಗೆ ಹೇಳಿದನೋ, ನಾಯಕ ಅವ್ವನನ್ನೇ ಸ್ವಲ್ಪ ಹೊತ್ತು ನೋಡಿ ಕತ್ತಿಯನ್ನು ರಾಶಿಗೆ ಎಸೆದ. ಹೊಗೆಯ ವಾಸನೆಗೆ ಅವನು ಸೀನಿದ. ಮಡುವಿನ ಬಗ್ಗೆ ಒಂದು ಮಾತೂ ಬರಲಿಲ್ಲ.

ಬೇಲಿಯೊಳಗಿಂದ ಅಂದೋಕ ಅಪ್ಪ ಹೊರಬಂದ. ಕೈ ಕಟ್ಟಿದ್ದ ಜಾಗ ಹುಣ್ಣಾಗಿತ್ತು, ಗಡ್ಡ ಬೆಳ್ಳಗಾಗಿತ್ತು. ಗಾಡಿಯ ಹತ್ತಿರ ಬಂದವನು ಕತ್ತಿಗಳ ರಾಶಿಯನ್ನು ನೋಡಿ, ಅವ್ವನನ್ನು ನೋಡಿ, ಕೊನೆಗೆ ನನ್ನ ಒಡೆದ ಬೆರಳುಗಳನ್ನು ನೋಡಿದ. ಅವನಿಗೆ ಎಲ್ಲವೂ ತಿಳಿದುಹೋಯಿತು. ನನ್ನ ತಲೆಯ ಮೇಲೆ ಕೈಯಿಟ್ಟವನು ಊರು ಕಾಣುವ ತನಕ ತೆಗೆಯಲಿಲ್ಲ.

ಬೆಳಕಿನ ಪಕ್ಷ, ಎಂಟನೆಯ ದಿನ

ಕಡಲೂರಿನಿಂದ ತಂದೆಯವರ ಆಳು ಬಂದಿದ್ದಾನೆ. ನಾಳೆ ಹೊರಡಬೇಕು.

ಅಪ್ಪ ಕುಲುಮೆ ಹೊತ್ತಿಸಿದ್ದಾನೆ. ಏನು ಮಾಡುತ್ತೀ ಎಂದು ಹೊರಗೆ ನಿಂತೇ ಕೇಳಿದೆ, ಕುಲುಮೆಗೂ ಸೂರಿದೆ. 'ಕುಡುಗೋಲು,' ಅಂದ. 'ಕುಡುಗೋಲು ಮಾಡ್ಕೊಳ್ಳಿ ಅಂದಿದ್ದಾರಲ್ಲ. ಉದ್ದ ಎಷ್ಟಿರಬೇಕು ಅಂತ ಅವರೇನೂ ಹೇಳಿಲ್ಲ.'

ಆಮೇಲೆ ಸುತ್ತಿಗೆ ಇಟ್ಟು ಹೊರಗೆ ಬಂದು ನನ್ನ ಪಕ್ಕ ಕಲ್ಲಿನ ಮೇಲೆ ಕೂತ.

'ಬಂಡೆ ಮೇಲೆ ನಿಂತು ತಲೆಮಾರು ಹೇಳಿದೆಯಂತೆ.'

'ಹೇಳಿದೆ.'

'ಅಜ್ಜಿ ಕೇಳಿದ್ದು ಹುಟ್ಟಿಸಿದೋರನ್ನ. ಸಾಕಿದೋರು ಯಾರು ಅಂತ ಕೇಳಿದ್ಲಾ?'

'ಇಲ್ಲ.'

'ಸರಿ ಮತ್ತೆ,' ಅಂದ.

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ಅವನು ಕೂತೇ ಇದ್ದ. ಕಬ್ಬಿಣ ಆರಿಹೋಗುತ್ತೆ ಅಂದರೂ ಏಳಲಿಲ್ಲ.

ಬೆಳಕಿನ ಪಕ್ಷ, ಒಂಬತ್ತನೆಯ ದಿನ

ಅವ್ವ ಹತ್ತು ರೊಟ್ಟಿ ಕಟ್ಟಿಕೊಟ್ಟಳು. ಗಟ್ಟಿಯಾಗಿ ಅಪ್ಪಿಕೊಂಡು, ತಟಕ್ಕನೆ ಬಿಟ್ಟು, ಒಳಗೆ ಹೋಗಿಬಿಟ್ಟಳು. ಎನಿಕ ಬೇಲಿಯ ಮೇಲೆ ಕೂತು ಏಳು ಹೆಸರನ್ನೂ ಎಲ್ಲೂ ನಿಲ್ಲಿಸದೆ ಕೂಗಿ ಹೇಳಿದಳು. ನಾವು ತಿರುವು ದಾಟಿದ ಮೇಲೂ ಕೇಳುತ್ತಿತ್ತು.

ಅಪ್ಪ ಜೊತೆಗೆ ಬರುತ್ತಿದ್ದಾನೆ. ಕಡಲಿನವರೆಗೂ. ನಾನಿದ್ದೇನಲ್ಲ, ನೀವೇಕೆ ಎಂದು ತಂದೆಯವರ ಆಳು ಕೇಳಿದ್ದಕ್ಕೆ, ದಾರಿಗೆ ಸೂರಿಲ್ಲ ಕಣಪ್ಪ ಅಂದ.

ಬೆಳಕಿನ ಪಕ್ಷ, ಹದಿನಾಲ್ಕನೆಯ ದಿನ

ಐದು ದಿನ ಮಂಜಿನಲ್ಲೇ ನಡೆದೆವು. ಹಳ್ಳದ ಹತ್ತಿರ ಕೂತು ರೊಟ್ಟಿ ತಿಂದೆವು, ಕೊನೆಯದನ್ನು ಅರ್ಧರ್ಧ. ಇಂಥ ರೊಟ್ಟಿ ಇನ್ನು ಸಿಗುವುದಿಲ್ಲ. ಇವತ್ತು ಮಧ್ಯಾಹ್ನ ಗುಡ್ಡ ಹತ್ತಿದಾಗ ಕಡಲು ಕಂಡಿತು. ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿತ್ತು, ಬಹಳ ಬೆಳಕಿತ್ತು.

ಮನೆಯ ಮುಂದಿನ ಸೂರಿಗೆ ಹೊಸ ಕೆಂಪು ಹೆಂಚು ಹೊದಿಸಿದ್ದಾರೆ. ತಂದೆಯವರು ಬಾಗಿಲಿಗೆ ಬಂದರು. ಗಡ್ಡ ತೆಗೆಸಿದ್ದಾರೆ, ಮೊದಲು ಗುರುತು ಸಿಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಎರಡೂ ಕೈ ಚಾಚಿ, 'ಬಾ ಮಗಳೇ, ಒಳಗೆ ಬಾ' ಅಂದರು.

ನಾನು ಅಪ್ಪನ ಕಡೆ ತಿರುಗಿದೆ, ಹೋಗಲಾ ಎಂದು ಕೇಳಲು. ಅವನು ಹೂಂ ಎಂದು ತಲೆಯಾಡಿಸಿದ. ಆಮೇಲೆ ಒಳಗೆ ಹೋದೆ.